ಮನರಂಜನ ಮಾಧ್ಯಮಗಳೂ ಆಯ್ಕೆಯ ವಿವೇಕವೂ

ದುಡಿದ ದೇಹಕ್ಕೆ ವಿಶ್ರಾಂತಿ ಹೇಗೋ ದಣಿದ ಮನಸ್ಸಿಗೆ ರಂಜನೆಯೂ ಹಾಗೆಯೇ ಅವಶ್ಯಕವಾದುದು. ಕನ್ನಡ ನಾಡಿನಲ್ಲಿ ದೊಡ್ಡಾಟ, ಸಣ್ಣಾಟ, ಶ್ರೀಕೃಷ್ಣ ಪಾರಿಜಾತ, ಲಾವಣಿಗಳು ಬಹುಕಾಲದಿಂದ ಈ ಕಾರ್ಯವನ್ನು ನೆರವೇರಿಸುತ್ತ ಬಂದಿವೆ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ವೃತ್ತಿನಾಟಕ ಕಂಪನಿಗಳು ಬಿಡಾರ ಹೂಡಿ ಆಟವಾಡುವ ಪದ್ಧತಿ ಇಂದಿಗೂ ಉಳಿದಿದೆ. ಈ ಕಲೆಗಳಲ್ಲೆಲ್ಲ ನೋಡುವವರು ಒಂದೆಡೆ ಕೂಡುತ್ತಾರೆ. ಆಡುವವರು ಅವರ ಕಣ್ಣೆದುರಿಗೇ ಇರುತ್ತಾರೆ. ಮೆಚ್ಚಿಕೆಯೂ ಟೀಕೆಯೂ ಆಗಿಂದಾಗಲೇ ಸಲ್ಲುತ್ತವೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಸಂಬಂಧದ ನಡುವೆ ಯಂತ್ರವು ಪ್ರವೇಶಿಸಿತು. 1934ರಲ್ಲಿ ತೆರೆಕಂಡ ‘ಸತಿ ಸುಲೋಚನ’ದಿಂದ ಕನ್ನಡ ವಾಕ್ಚಿತ್ರಗಳ ಕಾಲ ಮೊದಲಾಯಿತು. 1935ರಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದರು. 1950ರಲ್ಲಿ ಧಾರವಾಡದ ಆಕಾಶವಾಣಿ, 1981ರಲ್ಲಿ ಬೆಂಗಳೂರಿನ ದೂರದರ್ಶನ ಕೇಂದ್ರಗಳು ಬಂದವು. ಕಲಾವಿದನು ಕಣ್ಣಿಗೆ ದೂರವಾದನಾದರೂ ಎರಡು ಸಂಗತಿಗಳು ಉಳಿದುಕೊಂಡವು. ಊರೆಲ್ಲ ಒಂದೇ ಹೊತ್ತಿಗೆ ಒಂದೇ ಕಾರ್ಯಕ್ರಮವನ್ನು ಕೇಳುತ್ತಿತ್ತು. ಆ ಕಾರ್ಯಕ್ರಮವನ್ನು ಆರಿಸಿದವರು ಯಾರೆಂಬುದು ತಿಳಿದಿರುತ್ತಿತ್ತು.

ಡಿಜಿಟಲ್ ತಂತ್ರಜ್ಞಾನವು ಬದಲಿಸಿರುವುದು ಮುಖ್ಯವಾಗಿ ಈ ಎರಡನ್ನೇ. ಡಿಜಿಟಲ್ ಎಂದರೆ ಅಂಕೆಗಳ ರೂಪದ್ದು ಎಂದರ್ಥ. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಆ ಅಳತೆಗಳನ್ನು ಸಂಖ್ಯೆಗಳಾಗಿ ಬರೆದಿಡಲಾಗುತ್ತದೆ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಹಾಡನ್ನು ಇಳಿಸಿಕೊಂಡಾಗ ಪ್ರತಿಸಲವೂ ಗೊರಗೊರ ಸದ್ದು ಹೆಚ್ಚುತ್ತಿತ್ತು. ಸಂಖ್ಯೆಗಳನ್ನು ಎಷ್ಟು ಸಲ ನಕಲು ಮಾಡಿದರೂ ಅವು ಸವೆಯವು. ಅಲ್ಲದೆ ಹಾಡು, ಚಿತ್ರ, ಅಕ್ಷರಗಳೆಲ್ಲವೂ ಸಂಖ್ಯೆಗಳೇ ಆದ ಮೇಲೆ ಒಂದೇ ಜಾಲದಲ್ಲಿ ಹರಿದು ಒಂದೇ ಉಪಕರಣವನ್ನು ತಲುಪಬಲ್ಲವು. ಹೀಗಾಗಿ ಬಾನುಲಿ, ಚಿತ್ರಮಂದಿರ, ಪತ್ರಿಕೆ ಮೂರೂ ಅಂಗೈಯಗಲದ ಮೊಬೈಲಿನಲ್ಲಿ ಅಡಕವಾದವು.

ಇದರಿಂದಾದ ಲಾಭ ಅಲ್ಪವಲ್ಲ. 2016ರ ತರುವಾಯ ಅಗ್ಗದ ಇಂಟರ್‌ನೆಟ್ ಭಾರತದ ಹಳ್ಳಿಹಳ್ಳಿಗೂ ಹಬ್ಬಿತು. ಮಲ್ಲಿಕಾರ್ಜುನ ಮನಸೂರರ ಗಾಯನವನ್ನು ಇಂದಿನ ವಿದ್ಯಾರ್ಥಿಯು ಬೇಕಾದಾಗ ಬೇಕಾದಷ್ಟು ಸಲ ಕೇಳಿ ಅಭ್ಯಸಿಸಬಹುದು. ಗ್ರಾಮೀಣ ಕಲಾವಿದನು ಕಂಪನಿಯ ಕೃಪೆಯನ್ನು ಕಾಯದೆ ತನ್ನ ಹಾಡನ್ನು ಯೂಟ್ಯೂಬಿನಲ್ಲಿ ಪ್ರಕಟಿಸಬಲ್ಲನು. 2020ರಲ್ಲಿ ಚಿತ್ರಮಂದಿರಗಳು ಮುಚ್ಚಿದ್ದಾಗ ‘ಲಾ’ ಎಂಬ ಕನ್ನಡ ಚಿತ್ರವು ನೇರವಾಗಿ ಅಂತರ್ಜಾಲದಲ್ಲಿಯೇ ಬಿಡುಗಡೆಯಾಯಿತು. ಆದರೂ 2022ರಲ್ಲಿ ಕರಾವಳಿಯ ಭೂತಾರಾಧನೆಯ ಹಿನ್ನೆಲೆಯುಳ್ಳ ‘ಕಾಂತಾರ’ವು ಅನ್ಯಭಾಷಿಕರನ್ನೂ ಚಿತ್ರಮಂದಿರಕ್ಕೆ ಸೆಳೆದುದನ್ನು ನೆನೆದರೆ, ಒಡನೆ ಕುಳಿತು ನೋಡುವ ಹಂಬಲ ಜನರಲ್ಲಿ ಅಳಿದಿಲ್ಲವೆಂಬುದು ವಿದಿತವಾಗುತ್ತದೆ.

ಆದರೆ ಆಯ್ಕೆಯ ಅಧಿಕಾರ ಈಗ ಯಾರದು? ನೋಡುಗನದೇ ಎಂದು ಮೇಲುನೋಟಕ್ಕೆ ಕಾಣುತ್ತದೆ. ಅದು ಅರ್ಧಸತ್ಯ ಮಾತ್ರ. ಉಚಿತವಾಗಿ ದೊರೆಯುವ ದೃಶ್ಯಗಳ ವೆಚ್ಚವನ್ನು ಬಹುಮಟ್ಟಿಗೆ ಜಾಹೀರಾತುದಾರರು ಭರಿಸುತ್ತಾರೆ. ನೋಡುಗನು ಹೆಚ್ಚು ಹೊತ್ತು ಉಳಿದಷ್ಟೂ ಅವರ ಜಾಹೀರಾತುಗಳಿಗೆ ಅವಕಾಶ ಹೆಚ್ಚು. ಆದಕಾರಣ ಅವನು ಯಾವುದನ್ನು ಎಷ್ಟು ಹೊತ್ತು ನೋಡಿದನು, ಎಲ್ಲಿ ಬಿಟ್ಟುಬಿಟ್ಟನು ಎಂಬುದನ್ನು ಯಂತ್ರವು ಗುರುತಿಟ್ಟುಕೊಂಡು, ಅವನನ್ನು ಹಿಡಿದು ಕೂರಿಸಬಲ್ಲ ಮತ್ತೊಂದನ್ನು ಮುಂದಿಡುತ್ತದೆ. ಕಾರ್ಯಕ್ರಮವನ್ನು ಆರಿಸುತ್ತಿದ್ದ ಆಕಾಶವಾಣಿಯ ಅಧಿಕಾರಿಯು ಇದು ಜನಕ್ಕೆ ಹಿತವೇ ಎಂದು ವಿಚಾರಿಸಬಹುದಾಗಿತ್ತು. ಶ್ರೋತೃಗಳು ಅವನಿಗೆ ಪತ್ರ ಬರೆದು ಆಕ್ಷೇಪಿಸಬಹುದಾಗಿತ್ತು. ಲೆಕ್ಕವು ಹಿತಾಹಿತಗಳನ್ನು ಅರಿಯದು. ಒಂದೇ ಮನೆಯ ನಾಲ್ವರು ನಾಲ್ಕು ತೆರೆಗಳನ್ನು ನೋಡುತ್ತಿರುವಾಗ ಮಗು ಏನನ್ನು ನೋಡುತ್ತಿದೆಯೆಂಬುದು ತಾಯಿತಂದೆಯರಿಗೂ ತಿಳಿಯದೆ ಹೋಗುತ್ತದೆ.

ಇದಕ್ಕೆ ನಿಷೇಧವೊಂದೇ ಮದ್ದಲ್ಲ. 2020ರಲ್ಲಿ ಭಾರತ ಸರಕಾರವು ಟಿಕ್‌ಟಾಕನ್ನು ನಿಷೇಧಿಸಿತು. ಕಿರುದೃಶ್ಯಗಳ ಹುಚ್ಚು ಬೇರೆ ತಾಣಗಳಿಗೆ ಸಾಗಿತು. ಶಾಲೆಯು ಮಾಡಬೇಕಾದುದು ಅಭಿರುಚಿಯ ಶಿಕ್ಷಣ. ವಾರಕ್ಕೊಮ್ಮೆ ಒಂದು ಒಳ್ಳೆಯ ಚಿತ್ರವನ್ನೋ ಗಾಯನವನ್ನೋ ಮಕ್ಕಳೊಡನೆ ಕುಳಿತು ನೋಡಿ ಕೇಳಿ, ಅದು ಏಕೆ ಚೆನ್ನಾಗಿದೆ, ಇದನ್ನು ನಮಗೆ ತೋರಿಸಿದವರು ಯಾರು, ಇದರಿಂದ ಲಾಭ ಯಾರಿಗೆ ಎಂದು ಚರ್ಚಿಸುವುದು ಶಿಕ್ಷಕರಿಗೆ ಅಸಾಧ್ಯವೇನಲ್ಲ. ಊರಿನ ದೊಡ್ಡಾಟದ ಹಿರಿಯ ಕಲಾವಿದರ ಪದಗಳನ್ನು ವಿದ್ಯಾರ್ಥಿಗಳಿಂದಲೇ ಮೊಬೈಲಿನಲ್ಲಿ ಧ್ವನಿಮುದ್ರಿಸಿ ಗ್ರಂಥಾಲಯದಲ್ಲಿ ಕಾಪಾಡುವ ಕೆಲಸಕ್ಕೆ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ನೆರವಾಗಬಹುದು. ಹಾಗಾದಾಗ ಇಂದಿನ ಬಾಲಕ ಬಾಲಕಿಯರು ತೋರಿಸಿದ್ದನ್ನು ನೋಡುವವರಾಗಿಯೇ ಉಳಿಯದೆ, ನೋಡತಕ್ಕದ್ದನ್ನು ಆರಿಸಬಲ್ಲವರಾಗುತ್ತಾರೆ.