ನಾನು ಬೆಳೆಯುತ್ತಿದ್ದೇನೆಯೇ? ಬದುಕನ್ನು ಆರು ಕಡೆಯಿಂದ ನೋಡಿಕೊಳ್ಳುವ ಬಗೆ

‘ಹೇಗಿದ್ದೀರಿ?’ ಎಂದು ಯಾರಾದರೂ ಕೇಳಿದರೆ ‘ಚೆನ್ನಾಗಿದ್ದೇನೆ’ ಎಂದುಬಿಡುತ್ತೇವೆ. ಮಾತು ಅಲ್ಲಿಗೆ ಮುಗಿಯುತ್ತದೆ. ಯಾವ ವಿಷಯದಲ್ಲಿ ಚೆನ್ನಾಗಿದ್ದೇನೆ, ಯಾವ ವಿಷಯದಲ್ಲಿ ನಿಂತಲ್ಲೇ ನಿಂತಿದ್ದೇನೆ ಎಂದು ಬಿಡಿಸಿ ಕೇಳಿಕೊಳ್ಳುವ ಅಭ್ಯಾಸ ಹೆಚ್ಚಿನವರಿಗೆ ಇಲ್ಲ. ಅದನ್ನು ಕಲಿಯಬಹುದು. ಮನಶ್ಶಾಸ್ತ್ರದಲ್ಲಿ ಅದಕ್ಕೊಂದು ದಾರಿಯಿದೆ. ಈ ವಿಷಯಕ್ಕೆ ಹೊಸಬರಾದವರಿಗಾಗಿ ಅದನ್ನು ಇಲ್ಲಿ ಹಂತಹಂತವಾಗಿ ವಿವರಿಸುತ್ತೇನೆ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾರಲ್ ರಿಫ್ 1989ರಲ್ಲಿ ಒಂದು ಮುಖ್ಯ ಪ್ರಬಂಧ ಪ್ರಕಟಿಸಿದರು. ಸಂಶೋಧಕರು ಅಲ್ಲಿಯವರೆಗೆ ಹೆಚ್ಚಾಗಿ ಅಳೆಯುತ್ತಿದ್ದದ್ದು ಜನರ ಸಂತೋಷವನ್ನು ಮತ್ತು ತೃಪ್ತಿಯನ್ನು. ಸಂತೋಷವಾಗಿರುವುದೂ ಚೆನ್ನಾಗಿ ಬಾಳುವುದೂ ಒಂದೇ ಏನು ಎಂಬುದು ರಿಫ್ ಎತ್ತಿದ ಪ್ರಶ್ನೆ. ಮಕ್ಕಳನ್ನು ಬೆಳೆಸುವಾಗ, ಕಷ್ಟದ ವಿದ್ಯೆಯೊಂದನ್ನು ಕಲಿಯುವಾಗ ದಿನದಿನದ ಸಂತೋಷ ಕಡಿಮೆಯಾಗಬಹುದು, ಆದರೂ ಬದುಕು ಬೆಳೆಯುತ್ತಿರುತ್ತದೆ. ಮ್ಯಾಸ್ಲೊ, ಕಾರ್ಲ್ ರೋಜರ್ಸ್, ಯೂಂಗ್, ಎರಿಕ್ ಎರಿಕ್ಸನ್ ಮೊದಲಾದ ಮನಶ್ಶಾಸ್ತ್ರಜ್ಞರ ಚಿಂತನೆಯಲ್ಲಿ ಮತ್ತೆ ಮತ್ತೆ ಕಾಣುವ ಅಂಶಗಳನ್ನು ಒಟ್ಟುಗೂಡಿಸಿ ರಿಫ್ ಚೆನ್ನಾಗಿ ಬಾಳುವುದರ ಆರು ಆಯಾಮಗಳನ್ನು ಗುರುತಿಸಿದರು. ಒಂದೊಂದಕ್ಕೂ ನಾವು ಕೇಳಿಕೊಳ್ಳಬಹುದಾದ ಪ್ರಶ್ನೆಯನ್ನು ಜೊತೆಗೇ ಕೊಟ್ಟಿದ್ದೇನೆ.

1. ತನ್ನನ್ನು ತಾನು ಒಪ್ಪಿಕೊಳ್ಳುವುದು: ನನ್ನ ಒಳ್ಳೆಯ ಗುಣ, ಕೊರತೆ ಎರಡನ್ನೂ ನೋಡಿ ನೆಮ್ಮದಿಯಿಂದ ಇರಬಲ್ಲೆನೇ?
2. ಸಂಬಂಧಗಳು: ಮನಸ್ಸು ಬಿಚ್ಚಿ ಮಾತಾಡಲು ನನಗೆ ಯಾರಾದರೂ ಇದ್ದಾರೆಯೇ? ಹಾಗೆ ಮಾತಾಡಲು ನನ್ನ ಬಳಿಗೆ ಯಾರಾದರೂ ಬರುತ್ತಾರೆಯೇ?
3. ಸ್ವಂತ ನಿಲುವು: ಸರಿ ಎನಿಸಿದ್ದನ್ನು ನಾಲ್ಕು ಜನರ ಮಾತಿಗೆ ಅಂಜಿ ಬಿಟ್ಟುಬಿಡುತ್ತೇನೆಯೇ?
4. ಸುತ್ತಲಿನ ಬದುಕಿನ ಮೇಲಿನ ಹಿಡಿತ: ಮನೆ, ಕೆಲಸ, ಹಣ ಇವನ್ನೆಲ್ಲ ನಾನು ನಡೆಸುತ್ತಿದ್ದೇನೆಯೋ, ಅವು ನನ್ನನ್ನು ಎಳೆದಾಡುತ್ತಿವೆಯೋ?
5. ಬದುಕಿನ ಗುರಿ: ನಾಳೆ ಬೆಳಗ್ಗೆ ಎದ್ದು ಮಾಡಬೇಕು ಎನಿಸುವಂಥದ್ದು ಏನಿದೆ?
6. ಬೆಳವಣಿಗೆ: ಕಳೆದ ವರ್ಷ ಗೊತ್ತಿಲ್ಲದಿದ್ದ, ಮಾಡಲಾಗದಿದ್ದ ಯಾವುದು ಈಗ ಬರುತ್ತದೆ?

ಮೂರನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಪ್ಪ ಅಮ್ಮನನ್ನು, ಅಣ್ಣನನ್ನು ಕೇಳಿ ತೀರ್ಮಾನಿಸುವ ಮನೆಗಳು ನಮ್ಮವು. ಹಾಗೆ ಕೇಳಿದ ಮಾತ್ರಕ್ಕೆ ಸ್ವಂತ ನಿಲುವು ಇಲ್ಲವೆಂದು ಯಾರೂ ಕುಗ್ಗಬೇಕಾಗಿಲ್ಲ. ಹಿರಿಯರ ಮಾತು ಕೇಳಿ, ತೂಗಿ, ನಂತರ ನಮಗೆ ಸರಿ ಕಂಡದ್ದನ್ನು ಹೇಳುವ ಧೈರ್ಯ ಇದೆಯೇ ಎಂಬುದನ್ನಷ್ಟೇ ನೋಡಿಕೊಳ್ಳಬೇಕು.

ರಿಫ್ ಅವರ ಪ್ರಶ್ನಾವಳಿಯಲ್ಲಿ ಪ್ರತಿ ಆಯಾಮಕ್ಕೂ ಹಲವು ಹೇಳಿಕೆಗಳಿವೆ. ‘ಸ್ವಲ್ಪವೂ ಒಪ್ಪುವುದಿಲ್ಲ’ ಎಂಬಲ್ಲಿಂದ ‘ಪೂರ್ತಿ ಒಪ್ಪುತ್ತೇನೆ’ ಎಂಬವರೆಗೆ ಆರು ಮೆಟ್ಟಿಲುಗಳಲ್ಲಿ ಉತ್ತರಿಸಬೇಕು. ಕೆಲವು ಹೇಳಿಕೆಗಳನ್ನು ಬೇಕೆಂದೇ ತಿರುಗಿಸಿ ಬರೆದಿರುತ್ತಾರೆ. ಎಲ್ಲದಕ್ಕೂ ‘ಹೌದು, ಹೌದು’ ಎನ್ನುತ್ತ ಹೋಗುವ ನಮ್ಮ ಸ್ವಭಾವಕ್ಕೆ ಅದು ತಡೆ. ಮೊದಲು ಆಯಾಮಕ್ಕೆ 20ರಂತೆ 120 ಹೇಳಿಕೆಗಳಿದ್ದವು. 1995ರಲ್ಲಿ ಆಯಾಮಕ್ಕೆ ಮೂರರಂತೆ 18 ಹೇಳಿಕೆಗಳ ಚಿಕ್ಕ ರೂಪವೂ ಬಂತು. ಸಂಶೋಧನೆಗೆ ಇದೆಲ್ಲ ಬೇಕು. ನಮ್ಮ ಸ್ವಂತ ಬಳಕೆಗೆ ಒಂದು ನೋಟ್‌ಬುಕ್ ಸಾಕು.

ಹುಬ್ಬಳ್ಳಿಯಲ್ಲಿ ಮೆಸ್ ನಡೆಸುವ ನಲವತ್ತೈದರ ಒಬ್ಬ ಅಕ್ಕ ಆಯಾಮಕ್ಕೊಂದು ಪುಟದಂತೆ ಬರೆಯಲು ಕುಳಿತಿದ್ದಾರೆ ಎಂದುಕೊಳ್ಳೋಣ. ಹಿಡಿತ ಎಂಬ ಪುಟ ಬೇಗ ತುಂಬುತ್ತದೆ: ರೊಟ್ಟಿ ಬಡಿಯುವವರು ಬಾರದ ದಿನವೂ ಊಟ ನಿಲ್ಲಲಿಲ್ಲ, ಕಿರಾಣಿ ಅಂಗಡಿಯ ಬಾಕಿ ತೀರಿತು. ಸಂಬಂಧದ ಪುಟದಲ್ಲಿ ತಂಗಿಯ ಹೆಸರಿದೆ, ಓಣಿಯ ಗೆಳತಿಯ ಹೆಸರಿದೆ. ಬೆಳವಣಿಗೆಯ ಪುಟಕ್ಕೆ ಬಂದಾಗ ಪೆನ್ನು ನಿಲ್ಲುತ್ತದೆ. ಹೊಸದಾಗಿ ಏನನ್ನೂ ಕಲಿಯದೆ ಎಷ್ಟೋ ವರ್ಷಗಳಾಗಿವೆ. ‘ಎಲ್ಲ ಚೊಲೋ ಐತಿ’ ಎಂದು ಅವರು ಊರಿಗೆಲ್ಲ ಹೇಳುವ ಮಾತು ನಿಜವೇ, ಆದರೆ ಒಳಗಿನ ಬೇಸರಕ್ಕೆ ಕಾರಣ ಈ ಖಾಲಿ ಪುಟದಲ್ಲಿದೆ. ಅಂಕಪಟ್ಟಿಯಲ್ಲಿ ಒಟ್ಟು ಅಂಕ ಚೆನ್ನಾಗಿದ್ದರೆ ಗಣಿತದಲ್ಲಿ ಹಿಂದೆ ಬಿದ್ದದ್ದು ಕಣ್ಣಿಗೆ ಬೀಳುವುದಿಲ್ಲವಲ್ಲ, ಹಾಗೆ. ಆದ್ದರಿಂದ ಆರನ್ನೂ ಕೂಡಿಸಿ ಒಂದು ಮೊತ್ತ ಮಾಡಬೇಡಿ. ಬೇರೆ ಬೇರೆಯಾಗಿಯೇ ಓದಿ.

ನೀವೂ ಹೀಗೆಯೇ ಮಾಡಿ. ಆಯಾಮಕ್ಕೊಂದು ಪುಟ ಇಡಿ. ಪುಟದಲ್ಲಿ ಅಭಿಪ್ರಾಯ ಬರೆಯುವ ಮೊದಲು ಇತ್ತೀಚಿನ ಒಂದೆರಡು ಘಟನೆ ಬರೆಯಿರಿ. ‘ನಾನು ಧೈರ್ಯವಂತ’ ಎಂಬ ಮಾತಿಗಿಂತ ‘ಸಭೆಯಲ್ಲಿ ಎದ್ದು ನನ್ನ ಅಸಮ್ಮತಿ ಹೇಳಿದೆ’ ಎಂಬ ಮಾತಿಗೆ ಹೆಚ್ಚು ತೂಕ. ನಂತರ ಒಂದರಿಂದ ಆರರೊಳಗೆ ಅಂಕ ಹಾಕಿ. ಜಗಳವಾದ ದಿನ, ಹಬ್ಬದ ದಿನ ಬರೆಯಬೇಡಿ. ಆ ದಿನದ ಮನಸ್ಸೇ ಉತ್ತರವಾಗಿಬಿಡುತ್ತದೆ. ಆರು ತಿಂಗಳು ಬಿಟ್ಟು, ಹಳೆಯ ಪುಟ ನೋಡದೆ ಇನ್ನೊಮ್ಮೆ ಬರೆದು ಹೋಲಿಸಿ.

ಇದರಲ್ಲಿ ಪಾಸು, ಫೇಲು ಇಲ್ಲ. ವಯಸ್ಸಿನಿಂದ ವಯಸ್ಸಿಗೆ ಚಿತ್ರ ಬದಲಾಗುವುದೂ ಸಹಜ. ರಿಫ್ ಅವರ ಅಧ್ಯಯನದಲ್ಲಿ ಕಿರಿಯರಿಗಿಂತ ಹಿರಿಯರಲ್ಲಿ ಬದುಕಿನ ಮೇಲಿನ ಹಿಡಿತ ಹೆಚ್ಚಾಗಿ ಕಂಡಿತು. ಗುರಿ ಮತ್ತು ಬೆಳವಣಿಗೆಯ ಭಾವ ವೃದ್ಧರಲ್ಲಿ ಕಡಿಮೆ ಇತ್ತು. ಆದ್ದರಿಂದ ಮಗ ತನ್ನ ಪುಟವನ್ನು ತಂದೆಯ ಪುಟದೊಂದಿಗೆ ಹೋಲಿಸಬಾರದು, ನೆರೆಮನೆಯವರೊಂದಿಗಂತೂ ಹೋಲಿಸಲೇಬಾರದು. ನಿವೃತ್ತರಾದವರ ಮನೆಯಲ್ಲಿ ಹೊಸ ಕಲಿಕೆಗೆ ಜಾಗ ಮಾಡಿಕೊಡುವುದು ಎಷ್ಟು ಮುಖ್ಯವೆಂಬುದೂ ಇದರಿಂದ ತಿಳಿಯುತ್ತದೆ.

ಒಂದು ಎಚ್ಚರಿಕೆ. ಈ ಅಭ್ಯಾಸ ಕಾಯಿಲೆಯನ್ನು ಪತ್ತೆಮಾಡುವುದಿಲ್ಲ. ಎರಡು ವಾರ ಕಳೆದರೂ ಮನಸ್ಸು ಕುಗ್ಗಿಯೇ ಇದ್ದು, ನಿದ್ದೆ, ಊಟ, ಕೆಲಸ ಕೆಟ್ಟಿದ್ದರೆ ನೋಟ್‌ಬುಕ್ ಬದಿಗಿಟ್ಟು ವೈದ್ಯರನ್ನು ಕಾಣಿ. ಬದುಕೇ ಬೇಡವೆನಿಸಿದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಕಡಿಮೆ ಅಂಕ ಬಂದ ಪುಟ ನೋಡಿ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಆರರಲ್ಲಿ ಒಂದನ್ನು ಮಾತ್ರ ಆರಿಸಿ, ಮುಂದಿನ ಆರು ತಿಂಗಳಲ್ಲಿ ಅದಕ್ಕಾಗಿ ಮಾಡಬಹುದಾದ ಒಂದು ಚಿಕ್ಕ ಕೆಲಸವನ್ನು ಅದೇ ಪುಟದ ಕೆಳಗೆ ಬರೆದು, ಈ ವಾರವೇ ಶುರುಮಾಡಿ.