ಗಡಿ ದಾಟುವ ಮೊದಲು ಟಾಂಕಿ ಫುಲ್

ನನ್ನದು ಬೀಜ, ಗೊಬ್ಬರದ ವ್ಯಾಪಾರ. ಅಂಗಡಿ ಬೀದರಿನಲ್ಲಿ, ಬಾಕಿ ಮಾತ್ರ ಭಾಲ್ಕಿ, ಔರಾದ ತಾಲ್ಲೂಕುಗಳ ಹಳ್ಳಿಗಳಲ್ಲಿ. ಹೀಗಾಗಿ ಕಾರು ಬಿಟ್ಟು ಇರಲಾಗದು, ಕಾರಿಗೆ ಹಾಕುವ ಪೆಟ್ರೋಲಿನ ಲೆಕ್ಕ ಇಡದೆಯೂ ಇರಲಾಗದು.

ನಮ್ಮ ಜಿಲ್ಲೆಯಲ್ಲಿ ಈ ಲೆಕ್ಕ ಮೊದಲು ಶುರುವಾಗುವುದು ನಕಾಶೆಯಿಂದ. ಬೀದರಿನಿಂದ ಮೂವತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಜಹೀರಾಬಾದ್, ಅದು ತೆಲಂಗಾಣ. ಭಾಲ್ಕಿಯಿಂದ ಕಮಲನಗರ ದಾಟಿದರೆ ಉದಗೀರ, ಔರಾದ ಕಡೆಯಿಂದ ಹೋದರೆ ದೇಗಲೂರು, ಎರಡೂ ಮಹಾರಾಷ್ಟ್ರ. ಎಣ್ಣೆ ಅದೇ, ಕಂಪನಿಯೂ ಅದೇ, ತೆರಿಗೆ ಮಾತ್ರ ಬೇರೆ. 2024ರ ಜೂನ್ 15ರಂದು ಕರ್ನಾಟಕ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿದಾಗ ಲೀಟರಿಗೆ ಮೂರು ರೂಪಾಯಿ ಹೆಚ್ಚಾಯಿತು. ನಾವೂ ಬೈದೆವು. ಆದರೆ ತೆಲಂಗಾಣದಲ್ಲಿ ಅದು ಶೇ 35.2. ಆ ಏರಿಕೆಯ ನಂತರವೂ ಬೆಂಗಳೂರಿನಲ್ಲಿ ಲೀಟರಿಗೆ 102.86 ರೂ. ಇದ್ದಾಗ ಹೈದರಾಬಾದಿನಲ್ಲಿ 107 ರೂ. ದಾಟಿತ್ತು. ಮಹಾರಾಷ್ಟ್ರದವರು ಶೇಕಡಾವಾರು ತೆರಿಗೆಯ ಮೇಲೆ ಸೆಸ್ ಬೇರೆ ಹಾಕುತ್ತಾರೆ. ಅಲ್ಲಿಯ ಅಂತರ ತೆಲಂಗಾಣದಷ್ಟಿಲ್ಲ, ಆದರೂ ಇದೆ. ಗಡಿಯ ನಮ್ಮ ಕಡೆಯ ಪಂಪುಗಳಲ್ಲಿ ಆಚೆಯ ನಂಬರಿನ ಗಾಡಿಗಳು ಸಾಲುಗಟ್ಟುವುದು ಇದಕ್ಕೇ.

ಆದರೆ ಎಣ್ಣೆ ಹಾಕಿಸಲೆಂದೇ ಜಹೀರಾಬಾದಿನಿಂದ ಬೀದರಿಗೆ ಬರುವ ಜಾಣರನ್ನು ಕಂಡಾಗ ನಗು ಬರುತ್ತದೆ. ಮೂವತ್ತೈದು ಲೀಟರಿನ ಟಾಂಕಿ ತುಂಬಿಸಿದರೂ ನಾಲ್ಕು ರೂಪಾಯಿಯಂತೆ ಉಳಿಯುವುದು ನೂರಾ ನಲವತ್ತು. ಹೋಗಿಬರುವ ಅರವತ್ತು ಕಿಲೋಮೀಟರಿಗೆ ಸುಡುವುದು ನಾಲ್ಕು ಲೀಟರ್, ಅಂದರೆ ನಾನೂರರ ಮೇಲೆ. ಲಾಭ ಇರುವುದು ಹೇಗೂ ಹೋಗಲೇಬೇಕಾದವರಿಗೆ. ಹೈದರಾಬಾದಿನ ಆಸ್ಪತ್ರೆಗೆ ಹೊರಟರೆ ಬೀದರಿನಲ್ಲೇ ಟಾಂಕಿ ಫುಲ್ ಮಾಡಿಸುತ್ತೇನೆ; ಹೋಗಿಬರುವ ಮುನ್ನೂರು ಕಿಲೋಮೀಟರ್ ಚಿಲ್ಲರೆಗೆ ಅದು ಸಾಕು. ಉದಗೀರಕ್ಕಾದರೆ ಭಾಲ್ಕಿಯಲ್ಲಿ. ಔರಾದ ಒಳಹಳ್ಳಿಗಳಿಗೆ ಹೋಗುವ ಮೊದಲೂ ಮುಳ್ಳು ಎಲ್ಲಿದೆ ಅಂತ ನೋಡುವುದು ಒಳ್ಳೆಯದು. ನಡುದಾರಿಯಲ್ಲಿ ಎಣ್ಣೆ ತೀರಿದರೆ ಕಿರಾಣಿ ಅಂಗಡಿಯ ಬಾಟಲಿಯೇ ಗತಿ. ಆ ಬಾಟಲಿಗೆ ಅಳತೆಯೂ ಇಲ್ಲ, ಅದರೊಳಗೆ ಏನೇನು ಬೆರೆತಿದೆ ಅನ್ನುವುದಕ್ಕೆ ಹೊಣೆಯೂ ಇಲ್ಲ.

ಪಂಪಿನಲ್ಲಿ ನಾನು ಕಾರಿನಿಂದ ಇಳಿದು ನಿಲ್ಲುತ್ತೇನೆ. ‘ಝೀರೋ ನೋಡ್ರಿ ಸಾರ್’ ಅಂತ ಹುಡುಗ ಅಂದಾಗ ನಿಜವಾಗಿಯೂ ನೋಡಬೇಕು, ಮೊಬೈಲ್ ನೋಡುತ್ತ ಹೂಂ ಅನ್ನಬಾರದು. ಹಳೆಯ ಕೈಚಳಕವೊಂದಿದೆ. ನೀವು ಸಾವಿರಕ್ಕೆ ಹೇಳಿರುತ್ತೀರಿ, ಅವನು ಇನ್ನೂರಕ್ಕೆ ನಿಲ್ಲಿಸುತ್ತಾನೆ. ‘ಇನ್ನೂರು ಅಂತ ಕೇಳಿಸ್ತು ಸಾರ್, ಉಳಿದ ಎಂಟುನೂರು ಈಗ ಹಾಕ್ತೀನಿ’ ಅನ್ನುತ್ತಾನೆ. ಅಷ್ಟರಲ್ಲಿ ಇನ್ನೊಬ್ಬ ಬಂದು ಹವಾ ಬೇಕಾ, ಗಾಜು ಒರೆಸ್ಲಾ ಅಂತ ಮಾತಿಗೆಳೆಯುತ್ತಾನೆ. ಮೀಟರ್ ಝೀರೋಕ್ಕೆ ಬಾರದೆ ಇನ್ನೂರರಿಂದಲೇ ಓಡಿ ಎಂಟುನೂರಕ್ಕೆ ನಿಲ್ಲುತ್ತದೆ. ಟಾಂಕಿಗೆ ಬಿದ್ದದ್ದು ಎಂಟುನೂರರದು, ಕೊಟ್ಟದ್ದು ಸಾವಿರ. ಎಲ್ಲ ಪಂಪಿನವರೂ ಹೀಗೆ ಅಂತಲ್ಲ, ಬಹುತೇಕ ಹುಡುಗರು ನೆಟ್ಟಗೆ ಹಾಕುತ್ತಾರೆ. ನಡುವೆ ನಿಂತರೆ ಮಾತ್ರ ನಾನು ಬಿಲ್ ಕೇಳುತ್ತೇನೆ, ಇನ್ನೂರಕ್ಕೊಂದು, ಎಂಟುನೂರಕ್ಕೊಂದು.

ಅಳತೆಯ ಮೇಲೆ ಸಂಶಯ ಬಂದರೆ ಜಗಳ ಬೇಡ, ಐದು ಲೀಟರಿನ ಮಾಪು ಕೇಳಿ. ಮುದ್ರೆ ಹಾಕಿದ ಆ ಪಾತ್ರೆ ಪ್ರತಿ ಪಂಪಿನಲ್ಲೂ ಇರಲೇಬೇಕು, ಕೇಳಿದವರ ಮುಂದೆ ಅಳೆದು ತೋರಿಸಲೇಬೇಕು. ಐದು ಲೀಟರಿಗೆ 25 ಮಿಲಿಲೀಟರಿನಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ. ನಾನೊಮ್ಮೆ ಕೇಳಿದಾಗ ಮ್ಯಾನೇಜರ್ ಮುಖ ಸಿಂಡರಿಸಿದರು, ಆದರೆ ತರಿಸಿದರು. ಅಳತೆ ಸರಿಯಾಗಿತ್ತು. ಸಂಶಯ ಹೋಯಿತಲ್ಲ, ಅದೂ ಲಾಭವೇ. ಕಲಬೆರಕೆಯ ಅನುಮಾನವಿದ್ದರೆ ಫಿಲ್ಟರ್ ಪೇಪರ್ ಕೇಳಬಹುದು: ಒಂದು ಹನಿ ಪೆಟ್ರೋಲ್ ಆರಿದ ಮೇಲೆ ಕಾಗದದಲ್ಲಿ ಕಲೆ ಉಳಿಯಬಾರದು.

ಇನ್ನು ಮಂದಿ ಹೇಳುವ ಉಪಾಯಗಳು. ಐನೂರರ ಬದಲು ಐನೂರಾ ಹತ್ತಕ್ಕೆ ಹಾಕಿಸಿದರೆ ಹೆಚ್ಚು ಬರುತ್ತದೆ ಅನ್ನುವುದಕ್ಕೆ ತಳಬುಡವಿಲ್ಲ. ಮೀಟರ್ ಅಳೆಯುವುದು ಲೀಟರನ್ನು, ನೋಟನ್ನಲ್ಲ. ಬೇಸಿಗೆಯಲ್ಲಿ ನಸುಕಿಗೇ ಹಾಕಿಸಬೇಕು, ಆಗ ಎಣ್ಣೆ ತಂಪಾಗಿ ಗಟ್ಟಿ ಇರುತ್ತದೆ ಅನ್ನುವವರೂ ಇದ್ದಾರೆ. ಒಂದು ಡಿಗ್ರಿ ಬಿಸಿಗೆ ಪೆಟ್ರೋಲ್ ಹಿಗ್ಗುವುದು ಸಾವಿರಕ್ಕೆ ಒಂದು ಪಾಲಿನಷ್ಟು. ಅದೂ ಟಾಂಕಿ ನೆಲದೊಳಗೆ ಇರುವಾಗ ನಮ್ಮ ಮೇ ತಿಂಗಳ ಬಿಸಿಲು ಅಲ್ಲಿಗೆ ಒಂದೇ ದಿನದಲ್ಲಿ ಎಷ್ಟು ಇಳಿದೀತು? ನಸುಕಿನಲ್ಲಿ ಹಾಯಾಗಿ ಮಲಗಿ.

‘ರೌಂಡ್ ಫಿಗರ್ ಮಾಡ್ಲಿ?’ ಅಂದರೆ ಬೇಡ ಅನ್ನುತ್ತೇನೆ. ನಾಜಲ್ ಒಮ್ಮೆ ಟಕ್ ಅಂತ ತಾನೇ ನಿಂತ ಮೇಲೆ ಒತ್ತಿ ಒತ್ತಿ ತುಂಬಿಸಿದರೆ ಹೆಚ್ಚಿನದು ಆವಿ ಹೋಗುವ ಕೊಳವೆಗೆ ನುಗ್ಗುತ್ತದೆ. ಫೋನಿನಿಂದ ದುಡ್ಡು ಕೊಡುವ ಕಾಲದಲ್ಲಿ ಚಿಲ್ಲರೆಯ ಚಿಂತೆ ಯಾಕೆ? ಆ ಟಕ್ ಇನ್ನೊಂದಕ್ಕೂ ಬೇಕು. ಪ್ರತಿ ಸಲ ಅಲ್ಲಿಗೇ ನಿಲ್ಲಿಸಿ, ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿದರೆ ಆ್ಯವರೇಜ್ ಸಿಗುತ್ತದೆ. ಡೈರಿಯಲ್ಲಿ ಬರೆಯುತ್ತ ಹೋದಂತೆ ಟೈರಿನ ಹವಾ ಇಳಿದದ್ದೂ, ಏರ್ ಫಿಲ್ಟರಿನಲ್ಲಿ ಔರಾದ ರಸ್ತೆಯ ಧೂಳು ಕೂತದ್ದೂ ಮೊದಲು ಆ ಅಂಕಿಯಲ್ಲೇ ಕಾಣಿಸುತ್ತದೆ. ಪಂಪಿನಲ್ಲಿ ಹವಾ ಪುಕ್ಕಟೆ. ಅದನ್ನು ಬಿಟ್ಟು ಲೀಟರಿಗೆ ಹತ್ತಿಪ್ಪತ್ತು ಪೈಸೆ ಕಡಿಮೆಯ ಪಂಪು ಹುಡುಕುತ್ತ ಊರು ಸುತ್ತುವುದು ನನಗಂತೂ ಒಪ್ಪದ ಮಾತು.

ಈಚೆಗೆ ಡೈರಿಯಲ್ಲಿ ಇನ್ನೊಂದು ಇಳಿತವೂ ಕಂಡಿದೆ. ಈಗ ಬರುವ ಪೆಟ್ರೋಲಿನಲ್ಲಿ ಶೇ 20ರಷ್ಟು ಇಥನಾಲ್. ಅದಕ್ಕೆ ಪೆಟ್ರೋಲಿನಷ್ಟು ಕಸುವಿಲ್ಲ. ಈ ಮಿಶ್ರಣಕ್ಕೆಂದೇ ತಯಾರಾಗದ ಹಳೆಯ ಕಾರುಗಳ ಆ್ಯವರೇಜ್ ಶೇ 6ರಿಂದ 7ರಷ್ಟು ಕುಸಿಯಬಹುದೆಂದು 2021ರಲ್ಲಿ ನೀತಿ ಆಯೋಗದ ವರದಿಯೇ ಹೇಳಿತ್ತು. ಇದಕ್ಕೆ ಪಂಪಿನಲ್ಲಿ ಮಾಡುವುದೇನೂ ಇಲ್ಲ. ಹಾಗಂತ ಇಥನಾಲಿಗೆ ಹೋಗುವ ಕಬ್ಬು ಬೆಳೆಯುವ ಭಾಲ್ಕಿ ಕಡೆಯ ರೈತರ ಮುಂದೆ ಅದನ್ನು ಬೈಯಲೂ ಆರೆ. ಅವರಿಗೆ ಕಬ್ಬಿನ ಬಿಲ್ ಬಂದ ಮೇಲೆಯೇ ನನ್ನ ಗೊಬ್ಬರದ ಬಾಕಿ ಬರುವುದು.