ಸಮುದ್ರದ ನೀರಿನ ಅಕ್ವೇರಿಯಂ: ಸ್ಥಾಪನೆಗೆ ಮುನ್ನ ಹಾಕಬೇಕಾದ ಲೆಕ್ಕ

ಚಿಂಚೋಳಿ ತಾಲ್ಲೂಕಿನ ಚಂದಾಪುರದ ವರ್ತಕರೊಬ್ಬರು ತಮ್ಮ ಹೊಸ ಮಳಿಗೆಯಲ್ಲಿ ಸಾವಿರ ಲೀಟರಿನ ಹವಳದ ಅಕ್ವೇರಿಯಂ ಸ್ಥಾಪಿಸುವ ಇಚ್ಛೆಯಿಂದ ಅಂದಾಜು ಪಟ್ಟಿಯೊಂದನ್ನು ನನಗೆ ತೋರಿಸಿದರು. ಗಾಜಿನ ತೊಟ್ಟಿ, ದೀಪ, ಮೀನು ಮತ್ತು ‘ಜೀವಂತ ಹವಳ’ಕ್ಕೆ ಅದರಲ್ಲಿ ಪ್ರತ್ಯೇಕ ಮೊತ್ತಗಳಿದ್ದವು. ಶೋಧನ ವ್ಯವಸ್ಥೆಗೆ ಒಂದೇ ಸಾಲು. ತಿಂಗಳ ಖರ್ಚಿಗೆ ಅಂಕಣವೇ ಇರಲಿಲ್ಲ. ಇಂತಹ ಯೋಜನೆಗಳು ಸೋಲುವುದು ಬಹುಮಟ್ಟಿಗೆ ಇಲ್ಲಿಯೇ.

1. ಮೊದಲು ಕಾನೂನು

ಬಂಡೆ ಕಟ್ಟುವ ಗಟ್ಟಿ ಹವಳಗಳೆಲ್ಲವೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲನೆಯ ಅನುಸೂಚಿಯಲ್ಲಿವೆ. ಕಡಲಕುದುರೆ, ಕಡಲಸೌತೆಗಳಿಗೂ ಈ ಕಾಯ್ದೆಯ ರಕ್ಷಣೆಯುಂಟು. ಮುರುಡೇಶ್ವರದ ಸಮೀಪದ ನೇತ್ರಾಣಿ ದ್ವೀಪದಿಂದ ಹವಳದ ಒಂದು ತುಣುಕನ್ನು ತಂದರೂ ಅದು ಅಪರಾಧ. ಮೂರರಿಂದ ಏಳು ವರ್ಷಗಳ ಸೆರೆವಾಸ ಮತ್ತು ದಂಡಕ್ಕೆ ಅವಕಾಶವಿದೆ. ಮಾರಾಟಗಾರರು ಬಿಲ್ಲು ಕೊಟ್ಟ ಮಾತ್ರಕ್ಕೆ ನಿಷೇಧಿತ ವಸ್ತು ಸಕ್ರಮವಾಗದು. ಆದುದರಿಂದ ಕೃತಕ ಹವಳ, ಸೆರಾಮಿಕ್ ಬಂಡೆ ಮತ್ತು ಮರಿಕೇಂದ್ರದಲ್ಲಿ ಬೆಳೆಸಿದ ಮೀನುಗಳನ್ನೇ ಬಳಸತಕ್ಕದ್ದು. ಕ್ಲೌನ್ ಮೀನುಗಳ ಕೃತಕ ಸಂತಾನಾಭಿವೃದ್ಧಿಯ ತಂತ್ರವನ್ನು ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ರೂಪಿಸಿದೆ.

2. ಸ್ಥಳ, ನೀರು ಮತ್ತು ಉಪ್ಪು

ಸಾವಿರ ಲೀಟರ್ ಸಮುದ್ರದ ನೀರೇ ಒಂದು ಟನ್ನಿಗಿಂತ ಹೆಚ್ಚು ತೂಗುತ್ತದೆ. ಗಾಜು, ಬಂಡೆ, ಕಟ್ಟೆಯ ಭಾರ ಬೇರೆ. ನೆಲಮಹಡಿಯೇ ಇದಕ್ಕೆ ಯೋಗ್ಯ. ಸುಣ್ಣಕಲ್ಲಿನ ಈ ಸೀಮೆಯಲ್ಲಿ ಕೊಳವೆಬಾವಿಯ ನೀರು ಗಡಸು, ಆರ್.ಓ. ಯಂತ್ರದಲ್ಲಿ ಶುದ್ಧೀಕರಿಸಿದ ನೀರಿಗೆ ಅಕ್ವೇರಿಯಂ ಉಪ್ಪನ್ನು ಲೀಟರಿಗೆ ಸುಮಾರು 35 ಗ್ರಾಂನಂತೆ ಬೆರೆಸಬೇಕು. ಕೆಳತೊಟ್ಟಿಯೂ ಸೇರಿ 1,200 ಲೀಟರಿಗೆ 42 ಕಿಲೋ ಉಪ್ಪು ಬೇಕು. ಹದಿನೈದು ದಿನಕ್ಕೊಮ್ಮೆ ಶೇಕಡ 10ರಷ್ಟು ನೀರು ಬದಲಿಸಿದರೆ ವರ್ಷಕ್ಕೆ ಮತ್ತೆ ಸುಮಾರು 100 ಕಿಲೋ. ನೀರು ಆವಿಯಾದಾಗ ಉಪ್ಪು ತೊಟ್ಟಿಯಲ್ಲೇ ಉಳಿಯುವುದರಿಂದ, ಆ ಕೊರತೆಯನ್ನು ಉಪ್ಪುನೀರಿನಿಂದಲ್ಲ, ಸಿಹಿನೀರಿನಿಂದಲೇ ತುಂಬಬೇಕೆಂಬುದು ಗಮನಾರ್ಹ.

3. ಶೋಧನ ವ್ಯವಸ್ಥೆ

ಮೀನಿನ ಮಲ ಮತ್ತು ಉಳಿದ ಆಹಾರದಿಂದ ವಿಷಕಾರಿ ಅಮೋನಿಯಾ ಉಂಟಾಗುತ್ತದೆ. ಬಂಡೆಯ ರಂಧ್ರಗಳಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಅನಂತರ ಕಡಿಮೆ ಅಪಾಯದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನಮ್ಮ ಶಹಾಬಾದ್ ಕಲ್ಲೂ ಹವಳದ ಅಸ್ಥಿಯೂ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿದ್ದರೂ, ಶಹಾಬಾದ್ ಕಲ್ಲು ದಟ್ಟವಾದುದು, ರಂಧ್ರ ಕಡಿಮೆ. ಶೋಧನೆಗೆ ಅದು ಒದಗದು. ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಮೋನಿಯಾ ಮತ್ತು ನೈಟ್ರೈಟ್ ಪರೀಕ್ಷೆಯಲ್ಲಿ ಶೂನ್ಯ ಬರುವವರೆಗೆ ಮೀನು ಬಿಡಕೂಡದು.

ತೊಟ್ಟಿಯ ಅಂಚಿನಿಂದ ಇಳಿದ ನೀರು ಕೆಳತೊಟ್ಟಿಗೆ ಬಂದು, ಪ್ರೋಟೀನ್ ಸ್ಕಿಮ್ಮರ್ ಮೂಲಕ ಹಾದು, ಪಂಪಿನಿಂದ ಮರಳಿ ಮೇಲೇರುತ್ತದೆ. ಸ್ಕಿಮ್ಮರ್ ಸಣ್ಣ ಗಾಳಿಗುಳ್ಳೆಗಳ ನೊರೆಯಲ್ಲಿ ಕಲ್ಮಶವನ್ನು ಕೊಳೆಯುವ ಮುನ್ನವೇ ಹೊರಹಾಕುತ್ತದೆ. ವಿದ್ಯುತ್ ನಿಂತೊಡನೆ ಮೇಲಿನ ಸ್ವಲ್ಪ ನೀರು ಕೆಳಗಿಳಿಯುವುದರಿಂದ ಕೆಳತೊಟ್ಟಿಯಲ್ಲಿ ಅಷ್ಟು ಸ್ಥಳ ಖಾಲಿ ಇರಲೇಬೇಕು. ಇಲ್ಲದಿದ್ದರೆ ಉಪ್ಪುನೀರು ಮಳಿಗೆಯ ತುಂಬ ಹರಿದೀತು.

4. ಉಷ್ಣ ಮತ್ತು ವಿದ್ಯುತ್

ತೊಟ್ಟಿಯ ನೀರು 25ರಿಂದ 27 ಡಿಗ್ರಿ ಇರಬೇಕು. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಚಿಲ್ಲರ್ ಅನಿವಾರ್ಯ. ಉದಾಹರಣೆಗೆ, ಪಂಪುಗಳು ಮತ್ತು ಸ್ಕಿಮ್ಮರ್ ಒಟ್ಟು 120 ವ್ಯಾಟ್, ದಿನದ 24 ಗಂಟೆ: ತಿಂಗಳಿಗೆ 86 ಯೂನಿಟ್. ದೀಪ 150 ವ್ಯಾಟ್, 8 ಗಂಟೆ: 36 ಯೂನಿಟ್. ಚಿಲ್ಲರ್ 600 ವ್ಯಾಟ್, 10 ಗಂಟೆ: 180 ಯೂನಿಟ್. ಒಟ್ಟು ಸುಮಾರು 300 ಯೂನಿಟ್. ನೀರಿನ ಚಲನೆ ನಿಂತರೆ ಆಮ್ಲಜನಕ ಕ್ಷೀಣಿಸುವುದರಿಂದ ಒಂದು ಪಂಪನ್ನಾದರೂ ಇನ್ವರ್ಟರಿಗೆ ಜೋಡಿಸತಕ್ಕದ್ದು.

5. ಲೆಕ್ಕಪತ್ರ

ಮಳಿಗೆಯಲ್ಲಿ ವ್ಯಾಪಾರಕ್ಕಾಗಿ ಸ್ಥಾಪಿಸಿದ ಉಪಕರಣವು ವ್ಯಾಪಾರದ ಆಸ್ತಿ. ಉಪ್ಪು, ಆಹಾರ, ವಿದ್ಯುತ್ತು ಆಯಾ ವರ್ಷದ ವೆಚ್ಚ. ಮನೆಯಲ್ಲಿಟ್ಟ ಅಕ್ವೇರಿಯಮ್ಮಿನ ಖರ್ಚನ್ನು ಮಳಿಗೆಯ ಪುಸ್ತಕಕ್ಕೆ ತರಲಾಗದು. ಅದು ಮಾಲೀಕರ ಸ್ವಂತ ಹಿಂತೆಗೆತ.

ಆ ವರ್ತಕರು ಪಟ್ಟಿಯಿಂದ ಹವಳವನ್ನು ಹೊಡೆದುಹಾಕಿ, ಒಂದು ವರ್ಷದ ನಿರ್ವಹಣಾ ವೆಚ್ಚವನ್ನು ಮೊದಲೇ ಪ್ರತ್ಯೇಕವಾಗಿರಿಸಿ, ಆ ಬಳಿಕವೇ ಗಾಜಿನ ತೊಟ್ಟಿಗೆ ಮುಂಗಡ ಕೊಟ್ಟರು. ಆಸಕ್ತ ವ್ಯಾಪಾರ ಬಂಧುಗಳು ಇದೇ ಕ್ರಮವನ್ನು ಅನುಸರಿಸುವುದು ಲೇಸು. ಉಳಿದ ಸರಕು ಕೆಟ್ಟರೆ ನಷ್ಟ ಮಾತ್ರ; ಇಲ್ಲಿ ಲೆಕ್ಕ ತಪ್ಪಿದರೆ ಸಾಯುವುದು ಜೀವಿಗಳು.